ಹಳೆಯ ಮನೆ ಕೊಂಡಿದ್ದೀರಾ? ಬಣ್ಣ ಬಳಿಯುವ ಮೊದಲು ಇವನ್ನು ನೋಡಿ

ಹೊಸ ಮನೆ ಕಟ್ಟಿಸುವ ಖರ್ಚು ಕೈಗೆಟುಕದಷ್ಟು ಏರಿದೆ. ಹಾಗಾಗಿ ಅನೇಕ ಕುಟುಂಬಗಳು ಹಳೆಯ ಮನೆಯೊಂದನ್ನು ಕೊಂಡು ರಿಪೇರಿ ಮಾಡಿಸಿ ವಾಸಿಸಲು ಮುಂದಾಗುತ್ತವೆ. ಕರಾವಳಿಯಲ್ಲಾದರೆ ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು, ಹಿತ್ತಲಲ್ಲಿ ಬಾವಿ, ಅಂಗಳದಲ್ಲಿ ನಾಲ್ಕು ತೆಂಗು. ಮಸೀದಿ, ಶಾಲೆ, ಬಸ್ಸು ಎಲ್ಲವೂ ಹತ್ತಿರ. ಇಂತಹ ಮನೆ ಸಿಕ್ಕಿದರೆ ಅದು ನಿಜವಾಗಿಯೂ ಒಳ್ಳೆಯ ವ್ಯವಹಾರವೇ.

ತೊಂದರೆ ಶುರುವಾಗುವುದು ಕೊಂಡ ಮೇಲೆ. ಕೈಯಲ್ಲಿ ಉಳಿದಿರುವ ಹಣ ಸ್ವಲ್ಪ. ರಮಝಾನಿಗೆ ಮೊದಲು ಅಥವಾ ಮಗಳ ಮದುವೆಗೆ ಮೊದಲು ಮನೆ ಒಕ್ಕಲು ಆಗಬೇಕೆಂಬ ಅವಸರ. ಆಗ ಹಣವೆಲ್ಲ ಕಣ್ಣಿಗೆ ಕಾಣುವ ಕೆಲಸಗಳಿಗೆ ಹೋಗುತ್ತದೆ: ಗೋಡೆಗೆ ಪುಟ್ಟಿ, ಹೊಳೆಯುವ ಬಣ್ಣ, ನೆಲಕ್ಕೆ ಟೈಲ್ಸ್, ಮಾಡಿನ ಕೆಳಗೆ ಫಾಲ್ಸ್ ಸೀಲಿಂಗ್, ಅಂಗಳಕ್ಕೆ ಇಂಟರ್‌ಲಾಕ್. ಆದರೆ ಹಳೆಯ ಮನೆಯಲ್ಲಿ ಮನುಷ್ಯನನ್ನು ಕಾಯಿಲೆಗೆ ತಳ್ಳುವ ಸಂಗತಿಗಳು ಇವುಗಳ ಅಡಿಯಲ್ಲಿ, ಹಿಂದೆ, ಮೇಲೆ ಇರುತ್ತವೆ. ಸೋರುವ ಮಾಡು, ಬಾವಿಯ ಪಕ್ಕದ ಶೌಚಗುಂಡಿ, ಅರ್ತಿಂಗ್ ಇಲ್ಲದ ವಯರಿಂಗ್, ಸೀಸ ತುಂಬಿದ ಹಳೆಯ ಪೈಂಟ್. ಬಣ್ಣ ಬಳಿದು ಇವನ್ನು ಮುಚ್ಚಿದರೆ ಎರಡು ವರ್ಷದಲ್ಲಿ ಅದೇ ಗೋಡೆಯನ್ನು ಮತ್ತೆ ಒಡೆಯಬೇಕಾಗುತ್ತದೆ. ಅಷ್ಟರಲ್ಲಿ ಮಗುವಿಗೆ ಉಬ್ಬಸವೋ ಮನೆಯವರಿಗೆಲ್ಲ ಕಾಮಾಲೆಯೋ ಬಂದು ಹೋಗಿರಬಹುದು.

ಆದುದರಿಂದ ಹಳೆಯ ಮನೆಯ ರಿಪೇರಿಯಲ್ಲಿ ಎಷ್ಟು ಖರ್ಚು ಮಾಡುತ್ತೀರಿ ಎಂಬುದಕ್ಕಿಂತ ಯಾವುದನ್ನು ಮೊದಲು ಮಾಡುತ್ತೀರಿ ಎಂಬುದು ಮುಖ್ಯ. ಆ ಕ್ರಮ ಯಾವುದು, ಏಕೆ ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲ ದಿನ: ಪೊರಕೆ ಹಿಡಿಯುವ ಮುನ್ನ

ಕೆಲವು ತಿಂಗಳಾದರೂ ಬೀಗ ಹಾಕಿದ್ದ ಮನೆಯಲ್ಲಿ ಇಲಿ, ಹೆಗ್ಗಣ, ಬಾವಲಿ, ಪಾರಿವಾಳಗಳು ವಾಸ ಮಾಡಿರುತ್ತವೆ. ಬೀಗ ತೆಗೆದ ಕೂಡಲೇ ಮನೆಮಂದಿಯೆಲ್ಲ ಸೇರಿ ಗುಡಿಸಲು ಹೊರಡುವುದು ರೂಢಿ. ಇದು ಸರಿಯಲ್ಲ. ಇಲಿಯ ಮೂತ್ರದಿಂದ ಇಲಿಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್ ಹರಡುತ್ತದೆ. ಮಳೆ ಹೆಚ್ಚಿರುವ ನಮ್ಮ ಕರಾವಳಿ ಜಿಲ್ಲೆಗಳಿಗೆ ಈ ರೋಗ ಹೊಸದಲ್ಲ. ರೋಗಾಣುಗಳು ಒದ್ದೆ ಮಣ್ಣಿನಲ್ಲಿ, ನಿಂತ ನೀರಿನಲ್ಲಿ ಬದುಕಿದ್ದು, ಕಾಲಿನ ಸಣ್ಣ ಗಾಯದ ಮೂಲಕವೂ ಒಳಹೊಗುತ್ತವೆ. ಬಾವಲಿ ಮತ್ತು ಪಾರಿವಾಳದ ಒಣಗಿದ ಹಿಕ್ಕೆಯನ್ನು ಗುಡಿಸಿದಾಗ ಏಳುವ ಧೂಳಿನಲ್ಲಿ ಶ್ವಾಸಕೋಶಕ್ಕೆ ಸೋಂಕು ತರುವ ಶಿಲೀಂಧ್ರಗಳಿರಬಹುದು.

ಹಾಗಾಗಿ ಮೊದಲು ಕಿಟಕಿ, ಬಾಗಿಲುಗಳನ್ನೆಲ್ಲ ತೆರೆದು ಅರ್ಧ ಗಂಟೆ ಗಾಳಿಯಾಡಲು ಬಿಡಿ. ಹಿಕ್ಕೆ ಬಿದ್ದ ಜಾಗಕ್ಕೆ ಬ್ಲೀಚಿಂಗ್ ಪೌಡರ್ ಕರಗಿಸಿದ ನೀರನ್ನು ಚಿಮುಕಿಸಿ, ನೆನೆದ ಮೇಲೆ ತೆಗೆಯಿರಿ. ರಬ್ಬರ್ ಕೈಗವಸು, ಮುಚ್ಚಿದ ಚಪ್ಪಲಿ ಅಥವಾ ಗಮ್ ಬೂಟು, ಎನ್-95 ಮಾಸ್ಕ್ ಧರಿಸಿರಿ. ಒಂದು ಎಚ್ಚರಿಕೆ: ಬ್ಲೀಚಿಂಗ್ ಪೌಡರನ್ನು ಶೌಚಾಲಯ ತೊಳೆಯುವ ಆಸಿಡ್ ಜೊತೆ ಎಂದೂ ಬೆರೆಸಬೇಡಿ. ಅದರಿಂದ ಕ್ಲೋರಿನ್ ಅನಿಲ ಹೊರಬರುತ್ತದೆ. ಮುಚ್ಚಿದ ಬಚ್ಚಲುಮನೆಯಲ್ಲಿ ಅದು ಪ್ರಾಣಕ್ಕೇ ಅಪಾಯ.

ಸ್ವಚ್ಛ ಮಾಡಿದ ಒಂದೆರಡು ವಾರಗಳಲ್ಲಿ ಯಾರಿಗಾದರೂ ಜೋರು ಜ್ವರ, ಕಾಲಿನ ಮೀನಖಂಡದಲ್ಲಿ ವಿಪರೀತ ನೋವು, ಕಣ್ಣು ಕೆಂಪಗಾಗುವುದು ಕಂಡುಬಂದರೆ ವೈದ್ಯರಿಗೆ "ಹಳೆಯ ಮನೆ ಗುಡಿಸಿದ್ದೇವೆ" ಎಂದು ತಪ್ಪದೆ ಹೇಳಿ. ಆ ಒಂದು ಮಾತಿನಿಂದ ಸರಿಯಾದ ಪರೀಕ್ಷೆ ಬೇಗ ಆಗುತ್ತದೆ.

ಮಾಡು ಮತ್ತು ತೇವ

ಹಳೆಯ ಮನೆಯ ಮೊದಲ ಖರ್ಚು ಮಾಡಿಗೆ. ಹಂಚಿನ ಮಾಡಾದರೆ ಒಡೆದ ಹಂಚು, ಕೊಳೆತ ರೀಪು, ಗೆದ್ದಲು ತಿಂದ ಪಕ್ಕಾಸು ಎಲ್ಲವನ್ನೂ ಬದಲಿಸಬೇಕು. ಗಟ್ಟಿಯಿರುವ ಹಂಚುಗಳನ್ನು ಎಸೆಯಬೇಡಿ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹಬ್ಬಿದ ಈ ಹಂಚುಗಳು ಪಾಚಿ ಉಜ್ಜಿ ತೊಳೆದರೆ ಮತ್ತೊಂದು ತಲೆಮಾರಿಗೆ ಬರುತ್ತವೆ. ತಾರಸಿ ಮನೆಯಾದರೆ ಬಿರುಕುಗಳನ್ನೂ ಒಳಗಿನ ಕಬ್ಬಿಣವನ್ನೂ ನೋಡಬೇಕು. ಕರಾವಳಿಯ ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಕಾಂಕ್ರೀಟ್ ಚೂರು ಚೂರಾಗಿ ಕೆಳಗೆ ಬೀಳುತ್ತದೆ. ಅಂತಹ ಕಡೆ ಮೇಲೆ ಸಿಮೆಂಟು ಮೆತ್ತಿ ಮುಚ್ಚುವುದರಿಂದ ಪ್ರಯೋಜನವಿಲ್ಲ. ಇಂಜಿನಿಯರಿಗೆ ತೋರಿಸಿಯೇ ಮುಂದುವರಿಯಿರಿ. ಗೋಡೆಯೊಂದನ್ನು ತೆಗೆದು ಕೋಣೆ ದೊಡ್ಡದು ಮಾಡುವ ಯೋಚನೆ ಇದ್ದರೂ ಹಾಗೆಯೇ. ಯಾವ ಗೋಡೆಯ ಮೇಲೆ ಭಾರ ನಿಂತಿದೆ ಎಂಬುದನ್ನು ಅಂದಾಜಿನಿಂದ ಹೇಳಲಾಗದು.

ಗೋಡೆಯಲ್ಲಿ ತೇವ ಕಂಡರೆ ಅದು ಎಲ್ಲಿಂದ ಬರುತ್ತಿದೆ ಎಂದು ಮೊದಲು ಕಂಡುಹಿಡಿಯಬೇಕು. ಗೋಡೆಯ ಮೇಲ್ಭಾಗದಲ್ಲಿದ್ದರೆ ಮಾಡು ಅಥವಾ ದೋಣಿ ಸೋರುತ್ತಿದೆ. ನೆಲದಿಂದ ಎರಡು ಮೂರು ಅಡಿ ಎತ್ತರದವರೆಗೆ ಇದ್ದರೆ ನೆಲದ ತೇವ ಮೇಲೇರುತ್ತಿದೆ. ಒಂದೇ ಕಡೆ ದುಂಡಗೆ ಕಾಣಿಸಿ ಬೇಸಗೆಯಲ್ಲೂ ಆರದಿದ್ದರೆ ಒಳಗೆ ಪೈಪ್ ಒಡೆದಿದೆ. ಕಾರಣ ಸರಿಪಡಿಸದೆ ಬಳಿದ ಬಣ್ಣ ಒಂದು ಮಳೆಗಾಲವನ್ನೂ ದಾಟುವುದಿಲ್ಲ.

ತೇವದ ಗೋಡೆಯಲ್ಲಿ ಬೂಷ್ಟು ಬೆಳೆಯುತ್ತದೆ. ಕಪ್ಪು, ಹಸಿರು ಕಲೆಗಳಾಗಿ ಕಾಣುವ ಈ ಬೂಷ್ಟಿನ ಬೀಜಕಣಗಳು ಗಾಳಿಯಲ್ಲಿ ತೇಲುತ್ತವೆ. ಉಬ್ಬಸ ಇರುವವರಿಗೆ ಅದು ಉಲ್ಬಣಿಸುತ್ತದೆ. ತೇವದ ಮನೆಯಲ್ಲಿ ಬೆಳೆಯುವ ಮಕ್ಕಳಲ್ಲಿ ಕೆಮ್ಮು, ಸುಯ್ಗುಟ್ಟುವ ಉಸಿರಾಟ ಹೆಚ್ಚು. ಬೂಷ್ಟನ್ನು ಸಾಬೂನು ನೀರಿನಿಂದ ಉಜ್ಜಿ ತೆಗೆದು, ಗೋಡೆ ಪೂರ್ತಿ ಒಣಗಿದ ಮೇಲೆಯೇ ಬಣ್ಣದ ಕೆಲಸಕ್ಕೆ ಕೈ ಹಾಕಿ. ಹಳೆಯ ಸುಣ್ಣದ ಗಾರೆಯ ಗೋಡೆಗಳು ತೇವವನ್ನು ಹೀರಿ ಮತ್ತೆ ಹೊರಬಿಡುತ್ತವೆ. ಅದರ ಮೇಲೆ ಸಿಮೆಂಟ್ ಪ್ಲಾಸ್ಟರ್ ಹಾಕಿ ಪ್ಲಾಸ್ಟಿಕ್ ಪೈಂಟ್ ಬಳಿದರೆ ತೇವ ಒಳಗೇ ಸಿಕ್ಕಿಬೀಳುತ್ತದೆ. ಕೆಂಪುಕಲ್ಲಿನ ಹಳೆಯ ಗೋಡೆಗೆ ಸುಣ್ಣದ ಗಾರೆ, ಸುಣ್ಣದ ಬಣ್ಣವೇ ಹೆಚ್ಚು ಹೊಂದುತ್ತದೆ. ಖರ್ಚೂ ಕಡಿಮೆ.

ಹಂಚಿನ ಮಾಡಿನ ಕೆಳಗೆ ಫಾಲ್ಸ್ ಸೀಲಿಂಗ್ ಹಾಕುವವರು ಒಂದು ಮಳೆಗಾಲ ಕಾಯುವುದು ಒಳ್ಳೆಯದು. ಸೀಲಿಂಗ್ ಬಂದರೆ ಸೋರುವುದು ಕಾಣುವುದಿಲ್ಲ, ಮೇಲಿನ ಜಾಗ ಇಲಿಗಳಿಗೆ ಸುರಕ್ಷಿತ ಮನೆಯಾಗುತ್ತದೆ. ಅಂಗಳಕ್ಕೆ ಪೂರ್ತಿ ಇಂಟರ್‌ಲಾಕ್ ಹಾಕಿದರೂ ಇದೇ ಕಥೆ. ಮಣ್ಣಿಗೆ ಇಂಗಬೇಕಾದ ನೀರು ಇಳಿಜಾರು ಸರಿಯಿಲ್ಲದಿದ್ದರೆ ಗೋಡೆಯ ಬುಡಕ್ಕೆ ಬಂದು ನಿಲ್ಲುತ್ತದೆ. ಗೋಡೆಯ ಸುತ್ತ ನೀರು ಹೊರಗೆ ಹರಿಯುವಂತೆ ತೋಡು ಮಾಡಿಸುವುದು ಮೊದಲು, ಅಲಂಕಾರ ಆಮೇಲೆ.

ಬಾವಿ: ತಿಳಿನೀರೆಲ್ಲ ಕುಡಿಯುವ ನೀರಲ್ಲ

ಹಳೆಯ ಮನೆಯ ಜೊತೆ ಬಾವಿ ಸಿಕ್ಕಿದರೆ ಅದು ದೊಡ್ಡ ಸೌಭಾಗ್ಯ. ಬಣ್ಣ, ರುಚಿ, ವಾಸನೆ ಬದಲಾಗದ ನೀರು ವುಝೂಗೆ ಸಾಕು. ಆದರೆ ಅಷ್ಟೇ ನೋಡಿ ಅದು ಕುಡಿಯಲೂ ಸುರಕ್ಷಿತ ಎಂದು ತೀರ್ಮಾನಿಸಬಾರದು. ಕಾಮಾಲೆ, ಟೈಫಾಯ್ಡ್, ವಾಂತಿಭೇದಿ ತರುವ ರೋಗಾಣುಗಳು ಕನ್ನಡಿಯಂತಹ ನೀರಿನಲ್ಲೂ ಇರಬಹುದು. ಅವು ಅಲ್ಲಿಗೆ ಬರುವುದು ಹೆಚ್ಚಾಗಿ ಶೌಚಗುಂಡಿಯಿಂದ.

ಹಲವು ಹಳೆಯ ಮನೆಗಳಲ್ಲಿ ಶೌಚಗುಂಡಿ ಎಂದರೆ ಕೆಂಪುಕಲ್ಲು ಕಟ್ಟಿದ, ತಳಕ್ಕೆ ಕಾಂಕ್ರೀಟ್ ಇಲ್ಲದ ಒಂದು ಹೊಂಡ. ಕೆಂಪುಕಲ್ಲಿನ ಪದರದಲ್ಲಿ ರಂಧ್ರಗಳು, ಬಿರುಕುಗಳು ಹೆಚ್ಚು. ಮಳೆಗಾಲದಲ್ಲಿ ಅಂತರ್ಜಲ ಮೇಲೇರಿದಾಗ ಗುಂಡಿಯ ನೀರು ಆ ದಾರಿಯಲ್ಲಿ ಬಾವಿಗೆ ಸೇರುತ್ತದೆ. ಸೆಪ್ಟಿಕ್ ಟ್ಯಾಂಕಿನ ನೀರು ಇಂಗುವ ಗುಂಡಿಗೂ ಬಾವಿಗೂ ಕನಿಷ್ಠ 18 ಮೀಟರ್, ಅಂದರೆ ಸುಮಾರು 60 ಅಡಿ ಅಂತರವಿರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ನಮ್ಮ ಮಣ್ಣಿನಲ್ಲಿ ಇನ್ನೂ ಹೆಚ್ಚಿದ್ದಷ್ಟು ಒಳ್ಳೆಯದು. ಅಳೆಯುವಾಗ ನಿಮ್ಮ ಬಾವಿಯಷ್ಟೇ ಅಲ್ಲ, ಪಾಗಾರದಾಚೆಗಿನ ನೆರೆಮನೆಯ ಬಾವಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನಿಮ್ಮ ಗುಂಡಿಯಿಂದ ಅವರ ನೀರು ಕೆಡದಂತೆ ನೋಡಿಕೊಳ್ಳುವುದು ನೆರೆಯವರ ಹಕ್ಕಿಗೆ ಸೇರಿದ್ದು. ಅವರ ಗುಂಡಿ ಎಲ್ಲಿದೆ ಎಂದು ಕೇಳಿ ತಿಳಿಯುವುದರಲ್ಲೂ ಸಂಕೋಚ ಬೇಡ. ಅಂತರ ಸಾಲದಿದ್ದರೆ ಹಳೆಯ ಗುಂಡಿಯನ್ನು ಖಾಲಿ ಮಾಡಿಸಿ ಮುಚ್ಚಿ, ತಳ ಮತ್ತು ಗೋಡೆ ಬಿಗಿಯಾಗಿರುವ ಸೆಪ್ಟಿಕ್ ಟ್ಯಾಂಕನ್ನು ದೂರದಲ್ಲಿ ಕಟ್ಟಿಸಿ. ಮನೆ ರಿಪೇರಿಯ ಒಟ್ಟು ಹಣದಲ್ಲಿ ಇದಕ್ಕಿಂತ ಸಾರ್ಥಕ ಖರ್ಚು ಇನ್ನೊಂದಿಲ್ಲ.

ನೀರನ್ನು ಒಮ್ಮೆ ಬೇಸಗೆಯಲ್ಲಿ, ಇನ್ನೊಮ್ಮೆ ಮೊದಲ ಮಳೆಗಳ ಬಳಿಕ ಪರೀಕ್ಷೆ ಮಾಡಿಸಿ. ಆರೋಗ್ಯ ಇಲಾಖೆ ಹಾಗೂ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯಗಳಲ್ಲಿ ವಿಚಾರಿಸಿ. ಪ್ರಯೋಗಾಲಯದವರು ಕೊಡುವ ಶುದ್ಧ ಬಾಟಲಿಯಲ್ಲಿಯೇ ನೀರು ತುಂಬಿ ಅದೇ ದಿನ ತಲಪಿಸಬೇಕು. ವರದಿಯಲ್ಲಿ ಮುಖ್ಯವಾಗಿ ನೋಡಬೇಕಾದುದು ಇ-ಕೋಲಿ. ಕುಡಿಯುವ ನೀರಿನ 100 ಮಿಲಿ ಲೀಟರಿನಲ್ಲಿ ಅದು ಒಂದೂ ಇರಬಾರದು. ಜೊತೆಗೆ ಪಿಎಚ್ ಮಟ್ಟ 6.5ರಿಂದ 8.5ರ ನಡುವೆ ಇರಬೇಕು. ಕರಾವಳಿಯ ಕೆಂಪುಕಲ್ಲು ಪ್ರದೇಶದ ಬಾವಿ ನೀರು ಅನೇಕ ಕಡೆ ಇದಕ್ಕಿಂತ ಆಮ್ಲೀಯ. ಅಂತಹ ನೀರು ಹಳೆಯ ಜಿಐ ಪೈಪುಗಳನ್ನು ಕೊರೆಯುತ್ತದೆ. ತುಕ್ಕು, ಪೈಪು ಮತ್ತು ನಲ್ಲಿಗಳಲ್ಲಿರುವ ಲೋಹ ನೀರಿಗೆ ಬೆರೆಯುತ್ತದೆ. ಹಳೆಯ ಪೈಪುಗಳನ್ನು ಹೇಗಿದ್ದರೂ ಬದಲಿಸಿಬಿಡಿ.

ಬಾವಿಯನ್ನು ಖಾಲಿ ಮಾಡಿ ಹೂಳು ತೆಗೆಸಿದ ಮೇಲೆ ಬ್ಲೀಚಿಂಗ್ ಪೌಡರ್ ಹಾಕಬೇಕು. ಸಾವಿರ ಲೀಟರ್ ನೀರಿಗೆ ಸುಮಾರು ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಎಂಬುದು ಲೆಕ್ಕ. ನೀರಿನ ಪ್ರಮಾಣ ತಿಳಿಯಲು ಬಾವಿಯ ಅಗಲವನ್ನು ಮೀಟರಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, 4ರಿಂದ ಭಾಗಿಸಿ. ಬಂದ ಸಂಖ್ಯೆಯನ್ನು ಸಾವಿರದಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ಉದಾಹರಣೆಗೆ 2 ಮೀಟರ್ ಅಗಲದ ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಸುಮಾರು 9,400 ಲೀಟರ್. ಅದಕ್ಕೆ ಸುಮಾರು 24 ಗ್ರಾಂ ಪೌಡರ್. ಅದನ್ನು ಬಕೆಟ್‌ನಲ್ಲಿ ಸ್ವಲ್ಪ ನೀರಿನೊಂದಿಗೆ ಕಲಸಿ, ಮತ್ತಷ್ಟು ನೀರು ಸೇರಿಸಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್‌ಗೆ ಬಗ್ಗಿಸಿ, ಬಾವಿಗೆ ಇಳಿಸಿ, ಬಕೆಟನ್ನು ಮೇಲೆ ಕೆಳಗೆ ಆಡಿಸಿ ಬೆರೆಸಿ. ಕನಿಷ್ಠ ಒಂದು ಗಂಟೆ ನೀರು ಸೇದಬೇಡಿ. ಸಂಜೆ ಹಾಕಿ ಬೆಳಿಗ್ಗೆ ಬಳಸುವುದು ಅನುಕೂಲ. ಹಳೆಯದಾಗಿ ಗಾಳಿ ತಾಗಿದ ಪೌಡರಿಗೆ ಶಕ್ತಿಯಿರುವುದಿಲ್ಲ, ಹೊಸ ಪೊಟ್ಟಣವೇ ಇರಲಿ. ಪರೀಕ್ಷೆಯ ವರದಿ ಬರುವ ತನಕ, ಮತ್ತು ಮಳೆಗಾಲದುದ್ದಕ್ಕೂ, ಕುಡಿಯುವ ನೀರನ್ನು ಚೆನ್ನಾಗಿ ಕುದಿಸಿಯೇ ಕುಡಿಯಿರಿ.

ಗುಂಡಿಗೆ ಯಾರನ್ನೂ ಇಳಿಸಬೇಡಿ

ಹಳೆಯ ಶೌಚಗುಂಡಿಯನ್ನು ಖಾಲಿ ಮಾಡುವಾಗ ಆಗುವ ಸಾವುಗಳ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಗುಂಡಿಯೊಳಗೆ ಹೈಡ್ರೋಜನ್ ಸಲ್ಫೈಡ್, ಮೀಥೇನ್ ಅನಿಲಗಳು ತುಂಬಿರುತ್ತವೆ. ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯ ವಾಸನೆಯದು ನಿಜ. ಆದರೆ ಅದರ ಪ್ರಮಾಣ ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯದಂತಾಗುತ್ತದೆ. ಎರಡು ಮೂರು ಉಸಿರಿನಲ್ಲಿ ಮನುಷ್ಯ ಕುಸಿಯಬಹುದು. ಅವನನ್ನು ಎತ್ತಲು ಇಳಿದ ಎರಡನೆಯವನೂ ಮೂರನೆಯವನೂ ಅಲ್ಲೇ ಬೀಳುತ್ತಾರೆ.

ದೀಪ ಇಳಿಸಿ ನೋಡುವ ಹಳೆಯ ಪದ್ಧತಿಯನ್ನು ನಂಬಬೇಡಿ. ಆಮ್ಲಜನಕ ಕಡಿಮೆಯಿದ್ದರೆ ದೀಪ ನಂದುತ್ತದೆ, ಆದರೆ ವಿಷಾನಿಲ ಇದ್ದರೆ ಅದು ತಿಳಿಸುವುದಿಲ್ಲ. ಮೀಥೇನ್ ಇದ್ದರೆ ಹೊತ್ತಿಕೊಂಡೇ ಬಿಡಬಹುದು. ಸೆಪ್ಟಿಕ್ ಟ್ಯಾಂಕಿನ ಬಾಯಿಯ ಬಳಿ ಬೆಂಕಿ, ಸಿಗರೇಟು ಯಾವುದೂ ಬೇಡ. ಗುಂಡಿಯನ್ನು ಹೀರುವ ಯಂತ್ರವಿರುವ ವಾಹನ ತರಿಸಿಯೇ ಖಾಲಿ ಮಾಡಿಸಬೇಕು. ಸುರಕ್ಷಾ ಸಲಕರಣೆಯಿಲ್ಲದೆ ಮನುಷ್ಯನನ್ನು ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಬಾರಿಗೇ ಎರಡು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ ಆಗಬಹುದು. ಕಾನೂನಿಗಿಂತ ಮೊದಲು, ಕೂಲಿಗೆ ಬಂದವನ ಪ್ರಾಣ ನಮ್ಮ ಮನೆಯ ಅಂಗಳದಲ್ಲಿ ಹೋಗಬಾರದು.

ಬಹಳ ವರ್ಷ ಬಳಸದ ಆಳದ ಬಾವಿಯಲ್ಲೂ ಗಾಳಿ ಕೆಟ್ಟಿರಬಹುದು. ಪೆಟ್ರೋಲ್ ಅಥವಾ ಡೀಸೆಲ್ ಪಂಪನ್ನು ಬಾವಿಯೊಳಗೆ ಇಳಿಸಿ ನಡೆಸುವುದು ಇನ್ನೂ ಅಪಾಯ. ಅದರ ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡ್ ಇರುತ್ತದೆ. ಅನುಭವವಿದ್ದು ಸಲಕರಣೆ ಇಟ್ಟುಕೊಂಡವರಿಂದಲೇ ಈ ಕೆಲಸ ಮಾಡಿಸಿ. ಯಾರಾದರೂ ಒಳಗೆ ಕುಸಿದರೆ ಇಳಿಯಬೇಡಿ, ಇಳಿಯಲು ಬಿಡಬೇಡಿ. 101 ಅಥವಾ 112ಕ್ಕೆ ಕರೆ ಮಾಡಿ.

ಹಳೆಯ ಪೈಂಟಿನಲ್ಲಿ ಸೀಸ

ಇದು ಹೆಚ್ಚಿನವರಿಗೆ ಗೊತ್ತಿಲ್ಲದ ಅಪಾಯ. ಬಾಗಿಲು, ಕಿಟಕಿ, ಗ್ರಿಲ್‌ಗಳಿಗೆ ಹೊಡೆಯುವ ಹಳೆಯ ಎನಾಮಲ್ ಪೈಂಟುಗಳಲ್ಲಿ, ಅದರಲ್ಲೂ ಹಳದಿ, ಕೆಂಪು, ಕಿತ್ತಳೆ, ಹಸಿರು ಬಣ್ಣಗಳಲ್ಲಿ, ಸೀಸದ ಅಂಶ ಹೆಚ್ಚಾಗಿರುತ್ತಿತ್ತು. ಮನೆಗೆ ಬಳಸುವ ಪೈಂಟಿನಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದುದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಿಂದಿನ ಎಣ್ಣೆ ಪೈಂಟನ್ನು ಸೀಸವಿದೆ ಎಂದೇ ಭಾವಿಸಿ ವ್ಯವಹರಿಸುವುದು ಜಾಣತನ. ಗೋಡೆಗೆ ಬಳಿದ ಸುಣ್ಣದಲ್ಲಿ ಈ ಭಯವಿಲ್ಲ.

ಪೈಂಟ್ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಅಪಾಯ ಕಡಿಮೆ. ಅದು ಸಿಪ್ಪೆ ಏಳುವಾಗ, ಇಲ್ಲವೇ ಅದನ್ನು ಉಜ್ಜುವಾಗ ಧೂಳಾಗಿ ನೆಲಕ್ಕೆ ಬೀಳುತ್ತದೆ. ಅಂಬೆಗಾಲಿಡುವ ಮಗು ಕೈಯನ್ನು ನೆಲಕ್ಕೂ ಬಾಯಿಗೂ ಇಡುತ್ತಲೇ ಇರುತ್ತದೆ. ಹೊಟ್ಟೆಗೆ ಹೋದ ಸೀಸವನ್ನು ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಅದು ಮಿದುಳಿನ ಬೆಳವಣಿಗೆಗೆ ಪೆಟ್ಟು ಕೊಡುತ್ತದೆ. ಕಲಿಕೆ, ಗಮನ, ನಡವಳಿಕೆಯ ಮೇಲೆ ಆದ ಹಾನಿ ಮರಳಿ ಸರಿಯಾಗುವುದಿಲ್ಲ. ಗರ್ಭಿಣಿಯ ದೇಹದಿಂದ ಅದು ಮಗುವಿಗೂ ತಲಪುತ್ತದೆ. ಇಷ್ಟು ಸೀಸ ಸುರಕ್ಷಿತ ಎಂಬ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಹಾಗಾದರೆ ಏನು ಮಾಡಬೇಕು? ಗಟ್ಟಿಯಿರುವ ಹಳೆಯ ಪೈಂಟನ್ನು ಕೆದಕದೆ ಅದರ ಮೇಲೆಯೇ ಹೊಸ ಪೈಂಟ್ ಹೊಡೆಸಿ. ಸಿಪ್ಪೆ ಎದ್ದಿದ್ದರೆ ನೀರು ಚಿಮುಕಿಸಿ ಒದ್ದೆ ಮಾಡಿಯೇ ಹೆರೆಸಿ. ಒಣ ಪೇಪರಿನಲ್ಲಿ ಉಜ್ಜುವುದು, ಯಂತ್ರದಿಂದ ಉಜ್ಜುವುದು, ಬೆಂಕಿಯಿಂದ ಸುಟ್ಟು ತೆಗೆಯುವುದು ಮೂರೂ ಬೇಡ. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಬಿದ್ದ ಚೂರುಗಳನ್ನು ಅದರಲ್ಲೇ ಸುತ್ತಿ ಕಟ್ಟಿ. ಹಳೆಯ ಬಾಗಿಲಿನ ಪೈಂಟ್ ಹಲಗೆಯನ್ನು ಬಚ್ಚಲ ಒಲೆಗೆ ಹಾಕಿ ಉರಿಸಬೇಡಿ. ಕೆಲಸ ನಡೆಯುವಾಗ ಗರ್ಭಿಣಿಯರು, ಸಣ್ಣ ಮಕ್ಕಳು ಆ ಮನೆಯಲ್ಲಿ ಇರಲೇಬಾರದು. ಮುಗಿದ ಮೇಲೆ ಗುಡಿಸದೆ ಎರಡು ಮೂರು ಸಲ ಒದ್ದೆ ಬಟ್ಟೆಯಿಂದ ಒರೆಸಿ. ಮಗು ಧೂಳಿನಲ್ಲಿ ಇತ್ತು ಎಂಬ ಅನುಮಾನವಿದ್ದರೆ ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಬಹುದು. ಮಕ್ಕಳ ವೈದ್ಯರನ್ನು ಕೇಳಿ. ಅಂದ ಹಾಗೆ, ಕೆಲವು ಸುರ್ಮಾಗಳಲ್ಲೂ ಸೀಸವಿರುತ್ತದೆ. ಮಕ್ಕಳ ಕಣ್ಣಿಗೆ ಅದನ್ನು ಹಚ್ಚದಿರುವುದು ಲೇಸು.

ಸಿಮೆಂಟ್ ಶೀಟ್ ಮತ್ತು ಧೂಳು

ಹಿತ್ತಲ ಚಾವಡಿ, ಸೌದೆ ಕೊಟ್ಟಿಗೆ, ಬಚ್ಚಲುಮನೆಗಳ ಮೇಲೆ ಬೂದು ಬಣ್ಣದ ಅಲೆಅಲೆಯಾದ ಹಳೆಯ ಸಿಮೆಂಟ್ ಶೀಟುಗಳಿದ್ದರೆ ಅವು ಹೆಚ್ಚಾಗಿ ಆಸ್ಬೆಸ್ಟಾಸ್ ಶೀಟುಗಳು. 50ಕ್ಕೂ ಹೆಚ್ಚು ದೇಶಗಳು ಇದನ್ನು ನಿಷೇಧಿಸಿವೆ. ನಮ್ಮಲ್ಲಿ ಇನ್ನೂ ಬಳಕೆಯಲ್ಲಿದೆ. ಇದರ ಸೂಕ್ಷ್ಮ ನಾರುಗಳು ಶ್ವಾಸಕೋಶಕ್ಕೆ ಸೇರಿದರೆ ಹೊರಬರುವುದಿಲ್ಲ, ಹಲವು ದಶಕಗಳ ಬಳಿಕ ಕ್ಯಾನ್ಸರಿಗೆ ಕಾರಣವಾಗಬಹುದು. ಶೀಟ್ ಸುಮ್ಮನೆ ಮೇಲಿದ್ದಾಗ ಅಪಾಯ ಕಡಿಮೆ. ಒಡೆದಾಗ, ಕೊಯ್ದಾಗ, ತೂತು ಕೊರೆದಾಗ ನಾರು ಹಾರುತ್ತದೆ. ಆದುದರಿಂದ ತೆಗೆಸುವುದಾದರೆ ನೀರು ಹಾಕಿ ತೋಯಿಸಿ, ಬೋಲ್ಟ್ ಬಿಚ್ಚಿ, ಇಡಿಯಾಗಿಯೇ ಇಳಿಸಿ. ಮೇಲಿನಿಂದ ಎಸೆಯಬಾರದು. ಚೂರುಗಳನ್ನು ಹೊಂಡ ತುಂಬಲು, ಅಂಗಳಕ್ಕೆ ಹಾಕಲು ಬಳಸಬೇಡಿ. ದಪ್ಪ ಪ್ಲಾಸ್ಟಿಕ್‌ನಲ್ಲಿ ಕಟ್ಟಿ, ಎಲ್ಲಿ ಹಾಕಬೇಕೆಂದು ಪಂಚಾಯತಿನಲ್ಲೋ ನಗರಪಾಲಿಕೆಯಲ್ಲೋ ವಿಚಾರಿಸಿ.

ಕಲ್ಲು, ಕಾಂಕ್ರೀಟ್, ಟೈಲ್ಸ್ ಕೊಯ್ಯುವಾಗ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಅದನ್ನು ಉಸಿರಾಡುತ್ತಾ ಹೋದರೆ ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್ ಬರುತ್ತದೆ. ಕೊಯ್ಯುವ ಜಾಗಕ್ಕೆ ನೀರು ಬಿಡುತ್ತಿದ್ದರೆ ಧೂಳು ಬಹಳಷ್ಟು ಅಡಗುತ್ತದೆ. ಮೂಗಿಗೆ ಕಟ್ಟಿದ ಟವಲಿನಿಂದ ಪ್ರಯೋಜನವಿಲ್ಲ. ಕೆಲಸಗಾರರಿಗೆ ಎನ್-95 ಮಾಸ್ಕ್ ನೀವೇ ತಂದುಕೊಡಿ. ಅವರು ಈ ಮನೆ ಮುಗಿದ ಮೇಲೆ ಮುಂದಿನ ಮನೆಯಲ್ಲೂ ಅದೇ ಧೂಳು ಕುಡಿಯುವವರು.

ಬಾಡಿಗೆ ಉಳಿಸಲೆಂದು ಕೆಲಸ ನಡೆಯುತ್ತಿರುವ ಮನೆಯಲ್ಲೇ ವಾಸಕ್ಕೆ ಬರುವುದು ಸಾಮಾನ್ಯ. ಅನಿವಾರ್ಯವಾದರೆ ಒಂದು ಕೋಣೆ, ಒಂದು ಶೌಚಾಲಯವನ್ನು ಮೊದಲು ಪೂರ್ತಿ ಮುಗಿಸಿ. ಉಳಿದ ಭಾಗದ ಬಾಗಿಲಿಗೆ ಪ್ಲಾಸ್ಟಿಕ್ ಹಾಳೆಯನ್ನು ಟೇಪಿನಿಂದ ಅಂಟಿಸಿ. ಹಾಸಿಗೆ, ನಮಾಝಿನ ಚಾಪೆ, ಮಕ್ಕಳ ಬಟ್ಟೆಗಳನ್ನು ಮುಚ್ಚಿದ ಚೀಲದಲ್ಲಿಡಿ. ಊಟಕ್ಕೆ ಮೊದಲು ಮಕ್ಕಳ ಕೈ ತೊಳೆಸುವುದು ಈ ದಿನಗಳಲ್ಲಿ ಇನ್ನೂ ಕಟ್ಟುನಿಟ್ಟಾಗಿರಲಿ. ಉಬ್ಬಸ ಇರುವವರನ್ನು ಮಾತ್ರ ಸಂಬಂಧಿಕರ ಮನೆಯಲ್ಲಿ ಬಿಡುವುದೇ ಸರಿ.

ಕೆಲಸದ ನಡುವೆ ಸೊಳ್ಳೆಯನ್ನೂ ಮರೆಯಬೇಡಿ. ಸಿಮೆಂಟಿಗೆ ಕಟ್ಟಿ ನಿಲ್ಲಿಸಿದ ನೀರು, ಮುಚ್ಚಳವಿಲ್ಲದ ಡ್ರಮ್ಮು, ಹಳೆಯ ಟ್ಯಾಂಕಿ, ಬಳಸದ ಬಾವಿ ಇವೆಲ್ಲ ಡೆಂಗಿ, ಮಲೇರಿಯಾ ಸೊಳ್ಳೆಗಳ ತಾಣ. ಮಂಗಳೂರಿನಲ್ಲಿ 1990ರ ದಶಕದಿಂದ ಕಾಡಿದ ಮಲೇರಿಯಾಕ್ಕೂ ಕಟ್ಟಡ ಕಾಮಗಾರಿಗಳಿಗೂ ನಂಟಿದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಹಾಗಾಗಿ ವಾರಕ್ಕೊಮ್ಮೆ ನಿಂತ ನೀರನ್ನು ಚೆಲ್ಲಿ, ಡ್ರಮ್ಮನ್ನು ಉಜ್ಜಿ ಒಣಗಿಸಿ. ಬಾವಿಗೂ ಸೆಪ್ಟಿಕ್ ಟ್ಯಾಂಕಿನ ಗಾಳಿ ಪೈಪಿಗೂ ಬಲೆ ಕಟ್ಟಿಸಿ.

ವಯರಿಂಗ್, ಬಚ್ಚಲು, ಅಡುಗೆಮನೆ

ಹಳೆಯ ವಯರಿಂಗನ್ನು ತೇಪೆ ಹಾಕಿ ಉಳಿಸಬೇಡಿ. ಹಳೆಯ ತಂತಿಯ ಹೊದಿಕೆ ಬಿರುಕು ಬಿಟ್ಟಿರುತ್ತದೆ, ಇಲಿ ಕಡಿದಿರುತ್ತದೆ. ಅದು ಒಂದು ಟಿವಿ, ಎರಡು ಫ್ಯಾನಿನ ಕಾಲದ್ದು. ಈಗ ಗೀಸರ್, ಫ್ರಿಜ್, ಎಸಿ, ಪಂಪು ಎಲ್ಲ ಅದರ ಮೇಲೆ ಬೀಳುತ್ತವೆ. ಹೊಸ ಅರ್ತಿಂಗ್ ಹೊಂಡ ಮಾಡಿಸಿ. ಎಂಸಿಬಿಯ ಜೊತೆಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಕೂಡಾ ಇರಲೇಬೇಕು. ಎಂಸಿಬಿ ತಂತಿಯನ್ನು ಕಾಪಾಡುತ್ತದೆ. ಶಾಕ್ ಹೊಡೆದಾಗ ಕ್ಷಣಾರ್ಧದಲ್ಲಿ ವಿದ್ಯುತ್ ಕಡಿದು ಮನುಷ್ಯನನ್ನು ಕಾಪಾಡುವುದು ಆರ್‌ಸಿಸಿಬಿ. ಅದರಲ್ಲಿರುವ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ.

ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಹಾಕಬೇಡಿ. ಮುಚ್ಚಿದ ಕೋಣೆಯಲ್ಲಿ ಅದು ಬಣ್ಣ, ವಾಸನೆ ಇಲ್ಲದ ಇಂಗಾಲದ ಮಾನಾಕ್ಸೈಡನ್ನು ಹೊರಬಿಡುತ್ತದೆ. ಸ್ನಾನಕ್ಕೆ ಹೋದವರು ಮರಳಿ ಬಾರದ ಘಟನೆಗಳಿವೆ. ಗ್ಯಾಸ್ ಗೀಸರೇ ಬೇಕೆಂದಾದರೆ ಅದು ಹೊರಗೆ, ತೆರೆದ ಗಾಳಿಯಲ್ಲಿರಲಿ. ವುಝೂ ಮಾಡುವ ಜಾಗ, ಶೌಚಾಲಯ, ಬಚ್ಚಲಿನ ನೆಲಕ್ಕೆ ಹೊಳೆಯುವ ಟೈಲ್ಸ್ ಬದಲು ಒರಟು ಟೈಲ್ಸ್ ಆರಿಸಿ. ನೀರು ನಿಲ್ಲದಂತೆ ಇಳಿಜಾರು ಕೊಡಿಸಿ. ಮನೆಯಲ್ಲಿ ಹಿರಿಯರಿದ್ದರೆ ಗೋಡೆಗೆ ಹಿಡಿಕೆ, ವುಝೂಗೆ ಕುಳಿತುಕೊಳ್ಳಲು ಕಟ್ಟೆ ಈಗಲೇ ಮಾಡಿಸಿಬಿಡಿ. ಬಿದ್ದು ತೊಡೆಮೂಳೆ ಮುರಿದ ಮೇಲೆ ಮಾಡಿಸುವುದಕ್ಕಿಂತ ಬಹಳ ಅಗ್ಗ. ಅಡುಗೆಮನೆಗೆ ದುಬಾರಿ ಕಪಾಟುಗಳಿಗಿಂತ ದೊಡ್ಡ ಕಿಟಕಿ, ಹೊಗೆ ಎಳೆಯುವ ಫ್ಯಾನು ಮುಖ್ಯ. ದಿನದ ಬಹುಪಾಲು ಅಲ್ಲಿ ನಿಲ್ಲುವವರು ಉಸಿರಾಡುವ ಗಾಳಿಯ ಪ್ರಶ್ನೆ ಅದು.

ಗೆದ್ದಲಿಗೆ ಮದ್ದು ಹೊಡೆಸುವಾಗ ಬಾವಿ ಎಲ್ಲಿದೆ ಎಂದು ಕೆಲಸದವರಿಗೆ ತೋರಿಸಿ. ನೆಲಕ್ಕೆ ಸುರಿಯುವ ಕೀಟನಾಶಕ ಬಾವಿಯ ಹತ್ತಿರ ಬೀಳಬಾರದು. ಹೊಡೆದ ಕೋಣೆಗಳಲ್ಲಿ ಕೆಲವು ದಿನ ಮಲಗಬೇಡಿ.

ಯಾವುದು ಮೊದಲು, ಯಾವುದು ಆಮೇಲೆ

ಹಣ ಮಿತಿಯಲ್ಲಿದ್ದರೆ ಈ ಕ್ರಮ ಅನುಸರಿಸಿ:

1. ಮಾಡಿನ ರಿಪೇರಿ, ಮಳೆನೀರು ಹೊರಹರಿಯುವ ತೋಡು. ಇದನ್ನು ಮೇ ತಿಂಗಳ ಒಳಗೆ ಮುಗಿಸಿ.
2. ಶೌಚಗುಂಡಿ ಮತ್ತು ಬಾವಿ, ನೀರಿನ ಪರೀಕ್ಷೆ, ಹೊಸ ಪೈಪು.
3. ಪೂರ್ತಿ ವಯರಿಂಗ್, ಅರ್ತಿಂಗ್, ಆರ್‌ಸಿಸಿಬಿ.
4. ತೇವದ ಗೋಡೆ, ಬೂಷ್ಟು, ಹಳೆಯ ಎಣ್ಣೆ ಪೈಂಟಿನ ಕೆಲಸ. ಧೂಳು ಏಳುವ ಕೆಲಸಗಳೆಲ್ಲ ವಾಸಕ್ಕೆ ಬರುವ ಮುನ್ನ.
5. ಬಚ್ಚಲು, ಶೌಚಾಲಯ, ಅಡುಗೆಮನೆ.
6. ನೆಲ ಮತ್ತು ಬಣ್ಣ.
7. ಫಾಲ್ಸ್ ಸೀಲಿಂಗ್, ಕಪಾಟು, ಅಂಗಳದ ಇಂಟರ್‌ಲಾಕ್. ಇವು ಒಂದು ಮಳೆಗಾಲ ಕಳೆದ ಮೇಲೆ.

ಮೊದಲ ಮೂರು ಕೆಲಸ ಮುಗಿದ, ಗೋಡೆಗೆ ಬರೀ ಸುಣ್ಣ ಬಳಿದ ಮನೆಯಲ್ಲಿ ಕುಟುಂಬ ಆರೋಗ್ಯದಿಂದ ಬಾಳಬಹುದು. ಒಕ್ಕಲಿಗೆ ಬಂದ ನೆಂಟರು ಗೋಡೆಯನ್ನು ನೋಡಿ ಏನಾದರೂ ಅಂದಾರು. ಆದರೆ ಬಾವಿಯ ನೀರು ಕುಡಿಯುವವರು ನಿಮ್ಮ ಮಕ್ಕಳು.

ಕೊನೆಯದಾಗಿ ಒಂದು ಕೆಲಸ, ಇದಕ್ಕೆ ಹಣವೇನೂ ಬೇಡ. ಗೋಡೆಗೆ ಪ್ಲಾಸ್ಟರ್ ಮಾಡುವ ಮೊದಲು ವಯರು, ಪೈಪು ಹೋದ ದಾರಿಯ ಫೋಟೊಗಳನ್ನು ಮೊಬೈಲಿನಲ್ಲಿ ತೆಗೆದಿಡಿ. ಸೆಪ್ಟಿಕ್ ಟ್ಯಾಂಕ್, ಇಂಗುಗುಂಡಿ, ಅರ್ತಿಂಗ್ ಹೊಂಡ ಎಲ್ಲಿದೆ, ಬಾವಿಯಿಂದ ಎಷ್ಟು ಅಡಿ, ಬಾವಿಗೆ ಯಾವ ದಿನ ಬ್ಲೀಚಿಂಗ್ ಪೌಡರ್ ಹಾಕಿದಿರಿ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಮನೆಯ ದಾಖಲೆಗಳ ಜೊತೆ ಇಡಿ. ಮುಂದೆ ಗೋಡೆಗೆ ಒಂದು ಮೊಳೆ ಹೊಡೆಯುವಾಗಲೂ, ಮಕ್ಕಳ ಕಾಲದಲ್ಲಿ ಮತ್ತೊಮ್ಮೆ ರಿಪೇರಿಗೆ ಇಳಿಯುವಾಗಲೂ ಅದು ಉಪಯೋಗಕ್ಕೆ ಬರುತ್ತದೆ.